ಪಸ್ಕದ ಊಟ: ಚರ್ಚುಗಳು ಗಮನಿಸಲಿ

ಮಾನ್ಯ ಸಂಪಾದಕರೇ,

ಯೇಸುವಿನ ಕೊನೆಯ ಭೋಜನವನ್ನು ಸ್ಮರಿಸುವ ಪವಿತ್ರ ಗುರುವಾರ, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಯೆಹೂದ್ಯರ ಹಬ್ಬವಾದ ಪಸ್ಕದ ಊಟವನ್ನು ನೆನಪಿಸುವ ಕೂಟ ನಡೆಸಬಯಸುವ ಮಂಗಳೂರು, ಉಡುಪಿಯ ಚರ್ಚುಗಳಿಗೆ ಕೆಲವು ಮಾತು.

ಬೇಕರಿಯ ಬನ್ನು, ಪಾವ್ ಖಂಡಿತ ಬೇಡ. ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯ ಹೇಳುವುದು ಹುಳಿಯಿಲ್ಲದ ರೊಟ್ಟಿಯನ್ನು. ಗೋಧಿಹಿಟ್ಟು, ನೀರು ಎರಡೇ ಸಾಕು. 2 ಕಪ್ ಹಿಟ್ಟಿಗೆ ಮುಕ್ಕಾಲು ಕಪ್‌ನಷ್ಟು ನೀರು. ಯೆಹೂದ್ಯರ ನಿಯಮದಂತೆ ನೀರು ಬೆರೆತ 18 ನಿಮಿಷದೊಳಗೆ ಬೇಯಿಸಿ ಮುಗಿಸಬೇಕು, ತಡವಾದರೆ ಅದು ಹುಳಿಹಿಟ್ಟೆಂದೇ ಲೆಕ್ಕ. ಆದ್ದರಿಂದ ಚಪಾತಿಗೆ ಮಾಡುವಂತೆ ಕಲಸಿ ನೆನೆಯಲು ಬಿಡುವ ರೂಢಿ ಇಲ್ಲಿ ಸಲ್ಲದು. ಸ್ವಲ್ಪ ಸ್ವಲ್ಪವೇ ಕಲಸಿ, ತೆಳ್ಳಗೆ ಲಟ್ಟಿಸಿ, ಫೋರ್ಕಿನಿಂದ ತುಂಬ ಕಡೆ ಚುಚ್ಚಿ, ಚೆನ್ನಾಗಿ ಕಾದ ಕಾವಲಿಗೆ ಹಾಕಿ. ಚುಚ್ಚದಿದ್ದರೆ ಉಬ್ಬುತ್ತದೆ.

ಕಹಿಸೊಪ್ಪು ಐಗುಪ್ತದ ದಾಸತ್ವಕ್ಕೆ, ಉಪ್ಪುನೀರು ಕಣ್ಣೀರಿಗೆ ಸಂಕೇತ. ದ್ರಾಕ್ಷಾರಸ ನಾಲ್ಕು ಸಲ.

ಹಿಂದೆ ಪಸ್ಕಕ್ಕೆ ಬಲಿಕೊಡುತ್ತಿದ್ದ ಕುರಿಮರಿಯ ವಿಷಯದಲ್ಲಿ ಎಚ್ಚರ ಬೇಕು. ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ ಪಸ್ಕದ ಬಲಿ ನಿಂತಿತು. ಇಂದು ತಟ್ಟೆಯಲ್ಲಿಡುವುದು ಸುಟ್ಟ ಎಲುಬು ಮಾತ್ರ. ಈಗಿನ ಊಟದ ಕ್ರಮ ರೂಪುಗೊಂಡದ್ದೂ ಆಮೇಲೆಯೇ. ಹಾಗಾಗಿ ‘ಯೇಸು ಇದನ್ನೇ, ಹೀಗೆಯೇ ಮಾಡಿದರು’ ಎಂದು ಮಕ್ಕಳಿಗೆ ಕಲಿಸಬಾರದು. ಅಪೊಸ್ತಲ ಪೌಲನು ಕ್ರಿಸ್ತನನ್ನು ಪಸ್ಕದ ಕುರಿಮರಿ ಎಂದದ್ದು (1 ಕೊರಿಂಥ 5:7) ನಮ್ಮ ನಂಬಿಕೆಯ ತಿರುಳು. ಅದನ್ನು ಧೈರ್ಯವಾಗಿ ಹೇಳೋಣ. ಆದರೆ ಇದು ಯೆಹೂದ್ಯರ ಜೀವಂತ ಹಬ್ಬ, ನಾಟಕದ ದೃಶ್ಯವಲ್ಲ.

ಈಸ್ಟರ್, ಪಸ್ಕ ಎರಡೂ ಹಬ್ಬ ಪ್ರತಿವರ್ಷ ಜೊತೆಗೆ ಬರುವುದೂ ಇಲ್ಲ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ, ಪಸ್ಕ ಆರಂಭವಾದದ್ದು ಏಪ್ರಿಲ್ 22ರ ಸಂಜೆ. ಯೆಹೂದ್ಯರು ಕೆಲವು ವರ್ಷ ಅಧಿಕ ಮಾಸ ಸೇರಿಸುವುದೇ ಇದಕ್ಕೆ ಕಾರಣ.

– ಧರ್ಮಶಿಕ್ಷಣ ಬೋಧಕರು, ಮಂಗಳೂರು