ಅಪ್ಪನ ಕಿವಿ ಮೊದಲು ನೋಡ್ರಿ

ಟಾಂಪೆರೆ, ಫಿನ್‌ಲ್ಯಾಂಡ್
ಡಿಸೆಂಬರ್ 8

ಅಣ್ಣಗ, ವೈನಿಗೆ ನಮಸ್ಕಾರ. ಅಪ್ಪ, ಅವ್ವಗ ಶರಣು. ನಾವೆಲ್ಲ ಇಲ್ಲಿ ಆರಾಮ. ಮಧ್ಯಾಹ್ನ 3ಕ್ಕ ಹೊತ್ತು ಮುಳುಗ್ತೈತಿ, ಅಷ್ಟ.

ನಿನ್ನ ಪತ್ರ ಮುಟ್ಟಿತು. ಅಪ್ಪ ಕೇಳಿದ್ದನ್ನ ಮತ್ತ ಮತ್ತ ಕೇಳ್ತಾರ, ಹೇಳಿದ್ದು ನೆನಪಿಡೂದಿಲ್ಲ, ಎರಡು ಸಲ ಬಿದ್ದ ಮ್ಯಾಲೆ ಕೆಲಗೇರಿ ಕಡೆ ವಾಕಿಂಗ್ ಬಿಡಿಸೇವಿ, ಬಡಿಗಿ (ಊರುಗೋಲು) ಹಿಡಿಯಾಕ ನಾಚ್ಕೋತಾರ, ಪೆನ್ಶನ್ ಲೆಕ್ಕ ನಾನ ನೋಡ್ಕೋತೀನಿ, ನೆನಪಿನ ಗುಳಿಗಿ ಚಾಲೂ ಮಾಡೂಣೇನು ಅಂತ ಬರದೀದಿ. ಗಾಬರಿ ಆಗಬ್ಯಾಡ್ರಿ. ನೀ ಬರದಿದ್ದರಾಗ ಬುದ್ಧಿ ಹೋದ ಲಕ್ಷಣಕ್ಕಿಂತ ಬುದ್ಧಿಗೆ ಹೋಗೋ ದಾರಿ ಮುಚ್ಚಿದ ಲಕ್ಷಣ ನನಗ ಹೆಚ್ಚು ಕಾಣ್ತಾವ.

ಕಿವಿ ಮಷೀನ ಇನ್ನೂ ಕಪಾಟಿನ್ಯಾಗ ಐತಿ ಅಲ್ಲಾ? ಅದನ್ನ ಇವತ್ತ ಹೊರಗ ತಗೀರಿ. ಅರ್ಧಂಬರ್ಧ ಕೇಳೋ ಮನಷ್ಯಾನ ಶಕ್ತಿ ಎಲ್ಲ ಆ ಮಾತು ಯಾವುದು ಅಂತ ಹಿಡಿಯೂದರಾಗ ಹೋಗ್ತೈತಿ, ನೆನಪಿಡಾಕ ಏನೂ ಉಳಿಯೂದಿಲ್ಲ. ನಿನ್ನೆ ಹೇಳಿದ್ದು ಮರತ್ರು ಅಂತೀರಿ. ಖರೇ ಅಂದ್ರ ಅದು ಒಳಗ ಹೋಗೇ ಇರಾಕಿಲ್ಲ. 2024ರಾಗ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕಿಯ ಆಯೋಗದವರು ಮರೆವಿನ ರೋಗಕ್ಕ ನಾವು ತಿದ್ದಬಹುದಾದ 14 ಕಾರಣ ಪಟ್ಟಿ ಮಾಡ್ಯಾರ. ಕಿವಿ ಕೇಳದೇ ಇರೂದು, ಕಣ್ಣು ಕಾಣದೇ ಇರೂದು, ಬಿಪಿ, ಸಕ್ಕರಿ, ಮಂದಿ ಜೋಡಿ ಬೆರಿಯದೇ ಇರೂದು ಎಲ್ಲ ಅದರಾಗ ಅದಾವ.

ಮೊದಲು ಡಾಕ್ಟರ್ ಹತ್ರ ಕಿವ್ಯಾಗಿನ ಗುಗ್ಗೆ ತಗಸ್ರಿ. ಮನ್ಯಾಗ ಕಡ್ಡಿ ಹಾಕಬ್ಯಾಡ್ರಿ, ಗುಗ್ಗೆ ಇನ್ನೂ ಒಳಗ ಸರೀತೈತಿ. ಮಷೀನಿನ ಸೆಲ್ಲಿನ ಮ್ಯಾಲಿನ ಚೀಟಿ ಕಂದು ಇದ್ರ 312 ನಂಬರು, ಕಿತ್ತಳಿ ಇದ್ರ 13. ಒಂದರ ಜಾಗಾದಾಗ ಇನ್ನೊಂದು ಕೂಡೂದಿಲ್ಲ. ಚೀಟಿ ಕಿತ್ತ ಕೂಡ್ಲೇ ಮಷೀನಿಗೆ ಹಾಕಬ್ಯಾಡ್ರಿ. ಆ ಸೆಲ್ ಗಾಳಿ ಎಳಕೊಂಡು ಚಾಲೂ ಆಗ್ತೈತಿ, ಒಂದೆರಡು ನಿಮಿಷ ಹೊರಗ ಬಿಡ್ರಿ. ರಾತ್ರಿ ಸೆಲ್ಲಿನ ಬಾಗಲಾ ತಗದು, ಸಿಲಿಕಾ ಪುಡಿಕೆ ಇರೋ ಡಬ್ಬ್ಯಾಗ ಇಡ್ರಿ. ನಮ್ಮ ಧಾರವಾಡದ ಮಳಿಗಾಲದಾಗ ಮಷೀನ ಕೆಡೂದು ಬೆವರು, ತಂಪು ಹಿಡದ. ಸೀಟಿ ಹೊಡದಂಗ ಸಪ್ಪಳ ಬಂದ್ರ ಕಿವ್ಯಾಗಿನ ರಬ್ಬರ್ ಟೊಪ್ಪಿಗಿ ಸಡಿಲಾಗೇತಿ, ಇಲ್ಲಾ ಗುಗ್ಗೆ ತುಂಬೇತಿ ಅಂತ ಅರ್ಥ.

ಮೊದಲನೇ ವಾರ ದಿನಕ್ಕ ಒಂದ ತಾಸು, ಶಾಂತ ಖೋಲ್ಯಾಗ, ಒಬ್ಬರ ಜೋಡಿ ಮಾತ್ರ. ಅಡಗಿಮನಿಗೆ ಕರಕೊಂಡು ಹೋಗಬ್ಯಾಡ್ರಿ. ಕುಕ್ಕರಿನ ಸೀಟಿ, ಭಾಂಡೆ ಸಪ್ಪಳ ತಲಿಗೆ ಬಡದಂಗಾಗಿ ಮತ್ತ ತಗದ ಇಡ್ತಾರ. ಮಂದಿ ಮಷೀನ ಬಿಡೂದು ಇಲ್ಲೇ. ಮೆದುಳಿಗೆ ಹೊಸಾ ಸಪ್ಪಳ ರೂಢಿ ಆಗಾಕ ವಾರಗಟ್ಲೆ ಬೇಕು. ಒದರಬ್ಯಾಡ್ರಿ, ಮುಖದ ಮ್ಯಾಲೆ ಬೆಳಕು ಬೀಳೂವಂಗ ಎದುರಿಗೆ ಕುಂತು ಸಾವಕಾಶ ಮಾತಾಡ್ರಿ. ಕಣ್ಣಿನ ಪೊರಿ ಪರೀಕ್ಷಾನೂ ಈ ತಿಂಗಳ ಆಗ್ಲಿ.

ಈಗ ನೀ ಕೇಳಿದ ನೆನಪಿನ ಗುಳಿಗಿ. ಡೊನೆಪೆಜಿಲ್ ಅನ್ನೂದು ಅಲ್ಝೈಮರ್ ಅನ್ನೋ ಮರೆವಿನ ರೋಗ ಗುರುತು ಹಿಡದ ಮ್ಯಾಲೆ ಕೊಡೋದು, ಸುಮ್ಮನ ನೆನಪು ಚುರುಕ ಮಾಡಾಕಲ್ಲ. ಅದು ಎದಿ ಬಡಿತ ನಿಧಾನ ಮಾಡಿ ಕೆಲವರನ್ನ ಕೆಡವ್ತೈತಿ, ಮತ್ತ ಅಪ್ಪ ಮೊದಲ ಎರಡು ಸಲ ಬಿದ್ದಾರ. ಅದಕ್ಕಿಂತ ಮೊದಲು ಬಿ12 ವಿಟಮಿನ್, ಥೈರಾಯ್ಡ್, ಸೋಡಿಯಂ, ಸಕ್ಕರಿ ರಕ್ತ ಪರೀಕ್ಷಾ ಮಾಡಸು. ನಮ್ಮದು ಶಾಖಾಹಾರಿ ಮನಿ, ಅಪ್ಪ ಸಕ್ಕರಿ ರೋಗದ ಗುಳಿಗಿ ಮೆಟ್‌ಫಾರ್ಮಿನ್ ತಗೊಂಡು ಎಷ್ಟೋ ವರ್ಷ ಆತು. ಇವೆರಡೂ ಬಿ12 ಇಳಸ್ತಾವ. ಬಿ12 ಇಳದ್ರ ಮರೆವೂ ಬರ್ತೈತಿ, ಕಾಲು ಜೋಮು ಹಿಡದು ನಡಗಿನೂ ತಪ್ತೈತಿ. ನೆಗಡಿಗೆ ಅಂಗಡ್ಯಾಗ ತರೋ ಕ್ಲೋರ್‌ಫೆನಿರಮಿನ್ ಗುಳಿಗಿ, ನಿದ್ದಿಗೆ ಕೊಟ್ಟ ಅಮಿಟ್ರಿಪ್ಟಿಲಿನ್, ಪದೇ ಪದೇ ಮೂತ್ರಕ್ಕ ಹೋಗೂದಕ್ಕ ಕೊಡೋ ಕೆಲವು ಗುಳಿಗಿ, ಇವು ವಯಸ್ಸಾದವರ ತಲಿ ಮಂಕು ಮಾಡ್ತಾವ. ಮನ್ಯಾಗ ಇದ್ದ ಎಲ್ಲಾ ಪಾಕೀಟು ಒಂದ ಚೀಲದಾಗ ಹಾಕ್ಕೊಂಡು ಡಾಕ್ಟರಿಗೆ ತೋರಸು, ನೀನ ಬಂದ್ ಮಾಡಬ್ಯಾಡ. ಡಿಮ್ಹಾನ್ಸ್ (ಧಾರವಾಡದ ಮಾನಸಿಕ ಆರೋಗ್ಯದ ದವಾಖಾನಿ) ಹೆಸರು ಕೇಳಿ ಅಪ್ಪ ಹೆದರಿದ್ರ, ನೆನಪಿನ ಪರೀಕ್ಷಾಕ್ಕ ಹೊಂಟೀವಿ ಅಂತ ನೆಟ್ಟಗ ಹೇಳ್ರಿ, ಸುಳ್ಳು ಹೇಳಿ ಕರಕೊಂಡು ಹೋಗಬ್ಯಾಡ್ರಿ. ಮಷೀನ ಹಾಕಿಸೇ ಒಯ್ರಿ. ಪ್ರಶ್ನಿ ಕೇಳಿಸದಿದ್ರ ಮಾರ್ಕು ಸುಳ್ಳ ಕಡಿಮಿ ಬರ್ತಾವ.

ವಾಕಿಂಗ್ ಬಿಡಿಸಿದ್ದು ಮಾತ್ರ ನನಗ ಒಪ್ಪಿಗಿ ಇಲ್ಲ ಅಣ್ಣಾ. ಕುಂತ್ರ ತೊಡಿ ಸೊರಗ್ತೈತಿ, ತೊಡಿ ಸೊರಗಿದ್ರ ಇನ್ನೂ ಬೀಳ್ತಾರ. ಮಲಗಿದಾಗ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕ, 3 ನಿಮಿಷಕ್ಕ ಬಿಪಿ ನೋಡ್ರಿ. ಮ್ಯಾಲಿನ ಅಂಕಿ 20 ಇಳದ್ರ ಬಿದ್ದಿದ್ದಕ್ಕ ಅದ ಕಾರಣ ಇರಬಹುದು, ಡಾಕ್ಟರ್ ಗುಳಿಗಿ ಬದಲ ಮಾಡ್ತಾರ. ವಾಕಿಂಗಿಗೆ ಹಿಡಿಯೋ ಬಡಿಗಿ ಅಳತಿ ಹಿಂಗ: ಚಪ್ಪಲಿ ಮೆಟ್ಟಿ ನೆಟ್ಟಗ ನಿಂತು ಕೈ ಜೋತು ಬಿಟ್ರ, ಬಡಿಗಿ ಹಿಡಿಕಿ ಮಣಿಕಟ್ಟಿನ ಗೆರಿಗೆ ಬರಬೇಕು. ಬಲಮೊಳಕಾಲು ನೋವಿದ್ರ ಎಡಗೈಯಾಗ ಹಿಡೀಬೇಕು. ತಳದ ರಬ್ಬರು ಸವದ್ರ ಒದ್ದಿ ಫರಸಿ ಮ್ಯಾಲೆ ಜಾರತೈತಿ, ಆವಾಗಾವಾಗ ತಿರುವಿ ನೋಡ್ರಿ. ಗ್ವಾಡಿಗೆ ಹಚ್ಚಿದ ಗಟ್ಟಿ ಖುರ್ಚಿಯಿಂದ 8 ಸಲ ಏಳೂದು ಕೂಡೂದು, ದಿನಕ್ಕ ಎರಡು ಸರ್ತಿ. ರೊಟ್ಟಿ ಜೋಡಿ ಬರೇ ಪಲ್ಲೆ ಸಾಲೂದಿಲ್ಲ ವೈನಿ. ಝುಣಕ, ಮಡಕಿಕಾಳು, ಶೇಂಗಾ ಹಿಂಡಿ, ಮಸರು ಎರಡೂ ಊಟದಾಗ ಇರಬೇಕು.

ಬಡಿಗಿ ಹಿಡಿಯಾಕ ಅಪ್ಪಗ ನಾಚಿಕಿ ಅಂತಲ್ಲಾ, ಇದನ್ನ ಓದಿ ಹೇಳ್ರಿ. ಇಲ್ಲಿ 80 ದಾಟಿದ ಮುದಕೇರು ಮಂಜಿನ್ಯಾಗ ಪೊಟ್ಕುಕೆಲ್ಕ ಅನ್ನೋ ಜಾರುಗಾಡಿ ಹಿಡಕೊಂಡು ಕಿರಾಣಿ ತರಾಕ ಹೋಗ್ತಾರ. ಮುಂದ ಖುರ್ಚಿ, ಕೆಳಗ ಎರಡು ಉಕ್ಕಿನ ಪಟ್ಟಿ, ಹಿಂದ ನಿಂತು ಒಂದ ಕಾಲಿಲೆ ನೂಕೂದು. ಯಾರೂ ನಗೂದಿಲ್ಲ. ಈ ದೇಶದ ಮಿಯಾ ಕಿವಿಪೆಲ್ಟೊ ಅನ್ನೋ ವಿಜ್ಞಾನಿ ಅದಾರ (ಇವರ ಭಾಷಾದಾಗ ಕಿವಿ ಅಂದ್ರ ಕಲ್ಲು). ಅವರು, ಅವರ ಜೋಡಿ ಕೆಲಸ ಮಾಡೋರು ಕೂಡಿ 60ರಿಂದ 77 ವಯಸ್ಸಿನ 1,260 ಮಂದಿ ಮ್ಯಾಲೆ 2 ವರ್ಷ ಅಭ್ಯಾಸ ಮಾಡಿ 2015ರಾಗ ಪ್ರಕಟಿಸ್ಯಾರ. ಊಟ, ವ್ಯಾಯಾಮ, ತಲಿಗೆ ಕೆಲಸ, ಬಿಪಿ-ಸಕ್ಕರಿ ಮ್ಯಾಲೆ ನಿಗಾ, ಇವೆಲ್ಲಾ ಕೂಡಿಸಿ ಮಾಡಿದವರ ಬುದ್ಧಿ ಹೆಚ್ಚು ಚುರುಕ ಉಳೀತು.

ತಲಿಗೆ ಕೆಲಸ ಅಂದ್ರ ಪದಬಂಧ ಅಷ್ಟ ಅಲ್ಲ. ಅದರಿಂದ ಪದಬಂಧ ಬಿಡಿಸೂದ ಚಲೋ ಆಗ್ತೈತಿ. ಪೆನ್ಶನ್ ಲೆಕ್ಕ ಅಪ್ಪಗ ತಿರುಗಿ ಕೊಡು. ಅವರು ಬರೀಲಿ, ನೀ ಆಮ್ಯಾಲೆ ನೋಡು, ತಪ್ಪಿದ್ರ ಅವರ ಕೈಲೇ ತಿದ್ದಸು. ಮುಂಜಾನೆ ಪೇಪರಿನ ಒಂದ ಸುದ್ದಿ ಓದಿ, ಮಡಚಿಟ್ಟು, ಸಂಜಿಕ್ಕ ನಾಕ ಮಾತಿನ್ಯಾಗ ಪುಟ್ಟಿಗೆ ಹೇಳಲಿ. ಬಾಯಿಪಾಠ ಇದ್ದ ವಚನ ಅನ್ನೂದು ಮನಸ್ಸಿಗೆ ಹಿತ, ಖರೇ ಹೊಸಾದು ಕಲಿಯೂದು ಬ್ಯಾರೆ. ವಾರಕ್ಕೊಂದು ಹೊಸ ವಚನ ಕಲೀಲಿ, ಮರುದಿನ, ಮೂರನೇ ದಿನ, ಏಳನೇ ದಿನ ನೋಡದೇ ಹೇಳಲಿ. ತಡವರಿಸಿದ್ರ ಹತ್ತು ಸೆಕೆಂಡು ಸುಮ್ಮನಿರ್ರಿ. ಅವ್ವ ಲಗೂನ ಹೇಳಿ ಬಿಡ್ತಾಳ, ಆಕಿನ್ನ ತಡೀರಿ. ಆ ಹುಡುಕ್ಯಾಟದಾಗ ನೆನಪು ಗಟ್ಟಿ ಆಗೂದು. ಹುಬ್ಬಳ್ಳ್ಯಾಗ ಪತ್ರಕರ್ತ ಪಾಟೀಲ ಪುಟ್ಟಪ್ಪನವರು 90 ದಾಟಿದ ಮ್ಯಾಲೂ ವೇದಿಕಿ ಮ್ಯಾಲೆ ಮಾತಾಡ್ತಿದ್ರು, ಅಪ್ಪಗ ಗೊತ್ತೈತಿ. ವಿದ್ಯಾವರ್ಧಕ ಸಂಘದ ಕಾರ್ಯಕ್ರಮಕ್ಕ ವಾರಕ್ಕೊಮ್ಮೆ ಆಟೋದಾಗಾದ್ರೂ ಕರಕೊಂಡು ಹೋಗು, ಮುಂದಿನ ಸಾಲಿನ್ಯಾಗ ಕುಂದರಸು.

ಒಂದೆರಡು ದಿನದಾಗ ಒಮ್ಮೆಲೇ ಗೊಂದಲ ಆದ್ರ, ಹಗಲು ಮಂಪರು, ರಾತ್ರಿ ಬಡಬಡಿಸೂದು ಕಂಡ್ರ ಅದು ವಯಸ್ಸಿನ ಮರೆವಲ್ಲ. ಮೂತ್ರದ ಸೋಂಕು, ಸೋಡಿಯಂ ಇಳದದ್ದು ಇರಬಹುದು, ಅವತ್ತ ದವಾಖಾನಿಗೆ ಒಯ್ಯು. ಬಾಯಿ ಸೊಟ್ಟ, ಕೈ ಸೋತ್ರ ಒಂದ ನಿಮಿಷನೂ ಕಾಯಬ್ಯಾಡ.

ರೊಕ್ಕದ ಚಿಂತಿ ಬ್ಯಾಡ, ಬ್ಯಾಡ, ಬ್ಯಾಡ. ಪರೀಕ್ಷಾದ್ದು, ಸೆಲ್ಲಿಂದು, ಕಣ್ಣಿಂದು ಎಲ್ಲಾ ನಾ ಕಳಸ್ತೀನಿ. ಅಪ್ಪ ಖಂಡಿತ ಆರಾಮ ಆಗ್ತಾರ. ನಾ ಚಂದಂಗ ಉಣ್ತೀನಿ, ಬೆಚ್ಚಗ ಅದೀನಿ, ಅವ್ವಗ ಹೇಳು. ಬಸ್ಸಿನ ಹೊತ್ತಾತು, ರಾತ್ರಿ ಡ್ಯೂಟಿ ಐತಿ. ಐತವಾರ ನಿಮ್ಮ ಸಂಜಿ 6ಕ್ಕ ಫೋನ್ ಹಚ್ಚತೀನಿ, ಅಪ್ಪಗ ಮಷೀನ ಹಾಕಿ ಕುಂದರಸ್ರಿ.

ನಿನ್ನ ತಂಗಿ