ಇನ್ನು ಮೇಲೆ ಯಾರಿಗೂ ಹೇಳಲ್ಲ ಅಂದವಳಿಗೆ

ಕೊಪ್ಪಳ
ಭಾನುವಾರ ಮಧ್ಯಾಹ್ನ

ಚಿ. ಪುಟ್ಟವ್ವನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬುಧವಾರವೇ ಬಂತು. ಮನೆ ಸುದ್ದಿಗೆಲ್ಲ ನಿಮ್ಮವ್ವನ ಫೋನಿದೆ, ಅದನ್ನು ಇಲ್ಲಿ ಬರೆಯಲ್ಲ. ನಾಲ್ಕು ಪುಟದ ಪತ್ರದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಮೂರನೇ ಪುಟದ ಕೊನೆಯ ಎರಡು ಸಾಲು. "ಇನ್ನು ಮೇಲೆ ಯಾರಿಗೂ ಪುಸ್ತಕ ಹೇಳಲ್ಲ ದೊಡ್ಡಪ್ಪ. ಚಲೋದು ಯಾವುದು ಅನ್ನೋದೇ ನನಗೆ ತಿಳಿಯಲ್ವೇನೋ ಅಂತ ಹೆದರಿಕೆ."

ಇಷ್ಟು ಬರೆದು ನೀನು ಮುಂದಿನ ಸಾಲಿನಲ್ಲೇ ಹಾಸ್ಟೆಲ್ಲಿನ ನೀರಿನ ಕಥೆಗೆ ಹೋಗಿದ್ದೀಯ. ನನಗೆ ಹೋಗಲು ಆಗಲಿಲ್ಲ. ನಾಲ್ಕು ದಿನದಿಂದ ಅಲ್ಲೇ ನಿಂತಿದ್ದೇನೆ.

ಆಗಿದ್ದು ಸಣ್ಣದೇ. ಶನಿವಾರ ಸಂಜೆ ಗೆಳತಿಯರು ಸೇರಿದ್ದಿರಿ, ಒಬ್ಬೊಬ್ಬರೂ ತಮ್ಮ ಇಷ್ಟದ ಪುಸ್ತಕ ಹೇಳಬೇಕಿತ್ತು. ನೀನು ತ್ರಿವೇಣಿಯವರ 'ಶರಪಂಜರ' ಅಂದೆ. ಒಬ್ಬಳು ನಕ್ಕು, "ಅಯ್ಯ, ಅದು ನಮ್ಮಜ್ಜಿ ಓದಿದ್ದು, ಸಿನಿಮಾ ನೋಡಿದ್ರೆ ಸಾಕಲ್ವಾ" ಅಂದಳು. ಇಷ್ಟಕ್ಕೆಲ್ಲ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಅಂತ ಬೇರೆಯವರು ಕೇಳಬಹುದು. ನಾನು ಕೇಳಲ್ಲ. ಇಷ್ಟದ ಪುಸ್ತಕ ಹೇಳೋದು ಅಂದ್ರೆ ಪಡಸಾಲೆಯಲ್ಲಿ ಕೂತವರನ್ನು ಅಡುಗೆಮನೆಗೆ ಕರೆದ ಹಾಗೆ. ಅಲ್ಲಿ ನಿಂತು ಮೂಗು ಮುರಿದರೆ ನೋವಾಗುತ್ತದೆ.

ಆದರೆ ಹೆದರಿಕೆ ಯಾವಾಗ ಬಂತು ನಿನಗೆ? 2016ರ ಡಿಸೆಂಬರಿನಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ನಿನ್ನನ್ನು ಕರೆದುಕೊಂಡು ಹೋಗಿದ್ದೆ. ನೋಟು ರದ್ದಾಗಿ ತಿಂಗಳೂ ಆಗಿರಲಿಲ್ಲ, ಜೇಬಿನಲ್ಲಿ ಎರಡು ಸಾವಿರದ ಒಂದೇ ನೋಟು, ಪುಸ್ತಕದ ಮಳಿಗೆಯವರ ಹತ್ತಿರ ಚಿಲ್ಲರೆ ಇಲ್ಲ. ನಾನು ಒಂದು ದಪ್ಪ ಪುಸ್ತಕ ತೋರಿಸಿದೆ. ನೀನು ಅದರ ಕಡೆ ನೋಡಲೂ ಇಲ್ಲ. ತೇಜಸ್ವಿಯವರ 'ಕರ್ವಾಲೊ' ಎದೆಗೆ ಒತ್ತಿಕೊಂಡು "ನನಗೆ ಇದೇ" ಅಂದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಒಗ್ಗರಣೆ ಮಿರ್ಚಿ ತಿಂದ ಕೈಯಲ್ಲೇ ಪುಟ ತಿರುಗಿಸಿದೆ. ಎರಡು ದಿನ ಆದ ಮೇಲೆ, ಆ ಹಾರುವ ಓತಿ ಕೊನೆಗೆ ಕೈ ತಪ್ಪಿತು ಅಂತ ಪುಸ್ತಕವನ್ನೇ ಮಂಚದ ಮೇಲೆ ಎಸೆದೆ. ಆಮೇಲೆ ವಾರವೆಲ್ಲ ಬಂದವರಿಗೆಲ್ಲ ಓದಿ ಓದಿ ಅಂತ ಗಂಟು ಬಿದ್ದೆ. ಹಾಲಿನವನನ್ನೂ ಬಿಡಲಿಲ್ಲ. ಆ ಹುಡುಗಿಗೆ ಚಲೋದು ಯಾವುದು ಅಂತ ಯಾರೂ ಕಲಿಸಿರಲಿಲ್ಲ.

ನಾನು ಗ್ರಂಥಾಲಯದಲ್ಲಿ ದುಡಿದವನು ಅಂತ ನನ್ನನ್ನು ಕೇಳಿದ್ದೀಯ. ಅದನ್ನು ಓದಿ ನಾಚಿಕೆಯಾಯಿತು. ಪುಸ್ತಕ ಹೇಳುವುದರಲ್ಲಿ ನನ್ನಷ್ಟು ತಪ್ಪು ಮಾಡಿದವರು ಕಡಿಮೆ.

ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು, 1997ಕ್ಕೆ ಮುಂಚಿನ ಮಾತು. ಇಲಾಖೆ ಪರೀಕ್ಷೆಗೆ ರಂಗನಾಥನ್ ಅವರ ಗ್ರಂಥಾಲಯದ ಐದು ಸೂತ್ರ ಬಾಯಿಪಾಠ ಮಾಡಿದ್ದೆ. ಅವರು 1931ರಲ್ಲಿ ಬರೆದದ್ದು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ. ಗಿಣಿಯ ಹಾಗೆ ಹೇಳಿ ಪಾಸಾದೆ. ಆದರೆ ಮೇಜಿನ ಆಚೆ ನಿಂತ ಮನುಷ್ಯ ನನಗೆ ಕಾಣುತ್ತಿರಲಿಲ್ಲ. ನಾನು ಓದು ಕಲಿತದ್ದೇ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ. ಆದರೆ ಯಾರಾದರೂ ಏನು ಓದಲಿ ಅಂತ ಕೇಳಿದರೆ ಅವನ ಹೆಸರು ನನ್ನ ಬಾಯಿಗೆ ಬರುತ್ತಿರಲಿಲ್ಲ. ನನಗೂ ನಿನ್ನದೇ ಹೆದರಿಕೆ. ಇವನಿಗೆ ಇಷ್ಟೇ ತಿಳಿಯೋದು ಅಂದಾರು ಅಂತ.

ಒಂದು ಸಂಜೆ ಅಕ್ಕಿ ಗಿರಣಿಯ ಹಮಾಲ ಒಬ್ಬ ಬಂದ. ಹೆಗಲ ಟವೆಲ್ಲಿಗೆ ತೌಡು ಅಂಟಿತ್ತು. "ಒಂದ್ ಚಲೋ ಪುಸ್ತಕ ಕೊಡ್ರಿ ಸಾಹೇಬ್ರ" ಅಂದ. ನಾನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೊಟ್ಟೆ. ನಿಜ ಹೇಳಬೇಕೆಂದರೆ ಆಗ ನಾನೇ ಅದನ್ನು ಅರವತ್ತು ಪುಟ ದಾಟಿರಲಿಲ್ಲ. ಹದಿನೈದು ದಿನಕ್ಕೆ ಸರಿಯಾಗಿ ತಂದು ಮೇಜಿನ ಮೇಲಿಟ್ಟ. "ನಮಗ ತಿಳಿಯೂದಲ್ಲ ಬಿಡ್ರಿ ಇದು" ಅಂದ. ಮತ್ತೆ ಬರಲಿಲ್ಲ. ಆ ಪುಸ್ತಕವನ್ನು ನಾನು ಪೂರ್ತಿ ಓದಿದ್ದು ಹನ್ನೆರಡು ವರ್ಷದ ಮೇಲೆ. ಓದುತ್ತಾ ಓದುತ್ತಾ ಅವನ ನೆನಪಾಯಿತು. ಎಷ್ಟೊಂದು ಬಡವರು, ಆಳುಗಳು, ಓಡಿಹೋಗುವವರು ಅದರಲ್ಲಿ! ಅವನಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಕೊಡುವಾಗ ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನೂ ಎಡವುತ್ತಾ ಓದುತ್ತಿದ್ದೇನೆ, ಹೆಸರು ಜಾಸ್ತಿ ಬರುತ್ತವೆ, ಗಾಬರಿಯಾಗಬೇಡ ಅಂತ. ಹೇಳಲಿಲ್ಲ. ತನಗೇ ತಿಳಿಯಲ್ಲ ಅನ್ನುವ ಹೆದರಿಕೆ ಹೊತ್ತುಕೊಂಡು ಹೋದ.

ಇರಲಿ. ಇದನ್ನು ಬರೆಯಲು ಕೂತಿರಲಿಲ್ಲ. ಬರೆಯಬೇಕಾದದ್ದನ್ನು ಮುಂದೆ ಮುಂದೆ ತಳ್ಳುತ್ತಿದ್ದೇನೆ.

ನಿನ್ನ ದೊಡ್ಡವ್ವ ಧಾರವಾಡದ ಆಸ್ಪತ್ರೆಯಿಂದ ವಾಪಸ್ ಬಂದ ಮೇಲಿನ ಎರಡು ವರ್ಷ ಹೇಗಿತ್ತು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡಲ್ಲ. ಆಗ ಅವಳಿಗೆ ಓದುವ ಹುಚ್ಚು ಹತ್ತಿತ್ತು. ನೋಡು, ಇವತ್ತಿಗೂ ಆ ಪದ ಬರೆದು ಕೈ ನಿಲ್ಲುತ್ತದೆ. ವಾರಕ್ಕೆ ಎರಡು ಪುಸ್ತಕ ತಂದುಕೊಡುತ್ತಿದ್ದೆ. ಒಂದು ರಾತ್ರಿ ನಾನು ಊಟಕ್ಕೆ ಕೂತಾಗ ರೊಟ್ಟಿ ಬುಟ್ಟಿಯ ಪಕ್ಕ 'ಶರಪಂಜರ' ಇಟ್ಟಳು. "ಇದನ್ನ ಒಮ್ಮೆ ಓದ್ರಿ. ಭಾಳ ಚಲೋ ಐತಿ" ಅಂದಳು.

ನಾನೇನು ಅಂದೆ ಗೊತ್ತಾ? "ಸಿನಿಮಾ ನೋಡಿದೀನಲ್ಲ, ಕಥಿ ಗೊತ್ತೈತಿ" ಅಂದೆ. ಪುಟ್ಟಣ್ಣನವರದು, 1971ರದ್ದು, ಕಲ್ಪನಾ ಮಾಡಿದ್ದು. ನೋಡಿದ್ದು ನಿಜವೇ. ಅವಳು ಪುಸ್ತಕ ಎತ್ತಿಕೊಂಡು ನನ್ನ ಚೀಲದಲ್ಲಿ ಹಾಕಿದಳು. "ನನಗೇನ್ ತಿಳೀತೈತಿ ಬಿಡ್ರಿ" ಅಂದಳು. ಆಮೇಲೆ ಅವಳಿರುವ ತನಕ ನನಗೆ ಒಂದು ಪುಸ್ತಕವನ್ನೂ ಹೇಳಲಿಲ್ಲ.

ನಿನ್ನ ಎರಡು ಸಾಲು ಓದಿದಾಗ ನನಗೆ ಕೇಳಿಸಿದ್ದು ಆ ದನಿ.

ನಾನು ಆ ಕಾದಂಬರಿ ಓದಿದ್ದು ಅವಳು ಹೋದ ಮೇಲೆ. ಅವಳ ಟ್ರಂಕಿನಲ್ಲಿ ಒಂದು ಪ್ರತಿ ಸಿಕ್ಕಿತು. ಯಾವಾಗ ಕೊಂಡಳೋ, ಯಾವ ದುಡ್ಡಿನಲ್ಲೋ. ಅದರಲ್ಲಿ ಮನಸ್ಸಿನ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ವಾಸಿಯಾದವಳು ಅಂತ ಯಾರೂ ಒಪ್ಪಲ್ಲ. ಏನು ಮಾಡಿದರೂ ಅನುಮಾನ. ನಮ್ಮ ಮನೆಯಲ್ಲೂ ಅವಳು ಪಾತ್ರೆ ಸ್ವಲ್ಪ ಸಪ್ಪಳ ಮಾಡಿ ಇಟ್ಟರೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಬರೆದಾಕೆ ಮನಶ್ಶಾಸ್ತ್ರ ಓದಿದವರು, 1963ರಲ್ಲೇ ತೀರಿಕೊಂಡರು, ಇನ್ನೂ ಚಿಕ್ಕ ವಯಸ್ಸು. ಅವರಿಗೆ ನಮ್ಮ ಮನೆ ಹೇಗೆ ಗೊತ್ತಿತ್ತೋ.

ಹೋದ ದೀಪಾವಳಿಗೆ ನೀನು ಒಯ್ದದ್ದು ಅದೇ ಪ್ರತಿ. ಹೊದಿಕೆ ಹರಿದಿದ್ದಕ್ಕೆ ಕ್ಯಾಲೆಂಡರ್ ಹಾಳೆ ಹಾಕಿದ್ದು ಅವಳೇ. ನಿನಗೆ ಇದನ್ನು ಆಗಲೇ ಹೇಳಬೇಕಿತ್ತು.

ಈಗ ನೀನು ಕೇಳಿದ್ದಕ್ಕೆ ಏನಾದರೂ ಹೇಳಬೇಕಲ್ಲ. ನನಗೆ ಜಾಸ್ತಿ ಗೊತ್ತಿಲ್ಲ. 'ಓದಲೇಬೇಕು' ಅನ್ನಬೇಡ, ಆ 'ಲೇಬೇಕು' ಕೇಳಿದರೆ ನನಗೇ ಪುಸ್ತಕ ಮುಚ್ಚಿಡೋಣ ಅನಿಸುತ್ತದೆ. ನೀನು ಯಾವ ಪುಟದಲ್ಲಿ ನಿಂತುಬಿಟ್ಟೆ ಅನ್ನುವುದನ್ನು ಹೇಳು, ಕಥೆ ಬೇಡ. ಕೊಟ್ಟ ಮರುದಿನವೇ ಓದಿದೆಯಾ ಅಂತ ಕೇಳಬೇಡ. ಇದನ್ನು ನಾನು ನಲವತ್ತು ವರ್ಷ ಮಾಡಿದ್ದೇನೆ, ಸಾಲ ವಸೂಲಿಯ ಹಾಗೆ ಇರುತ್ತದೆ. ದಣಿದವರಿಗೆ ಬೀಚಿ ಕೊಡಬಹುದು. ಹೊಸದಾಗಿ ಓದುವವರಿಗೆ ಕಾರಂತರ 'ಚೋಮನ ದುಡಿ', ಸಣ್ಣದು. ಅದೂ ಅವರವರ ಮುಖ ನೋಡಿ. ಟ್ರಂಕಿನ ಆ ಪ್ರತಿಯನ್ನು ಮಾತ್ರ ಯಾರಿಗೂ ಎರವಲು ಕೊಡಬೇಡ. ಬೇರೆ ಪ್ರತಿ ಕೊಂಡುಕೋ, ದುಡ್ಡು ನಾನು ಕಳಿಸುತ್ತೇನೆ.

ಬೀಚಿ ಅಂದಾಗ ನೆನಪಾಯಿತು. ನಮ್ಮ ಹರಪನಹಳ್ಳಿಯವರು, ಮೊದಲು ಇಂಗ್ಲಿಷ್ ಬಿಟ್ಟರೆ ಕನ್ನಡದ ಕಡೆ ತಲೆ ಹಾಕುತ್ತಿರಲಿಲ್ಲ. ಅನಕೃ ಅವರ 'ಸಂಧ್ಯಾರಾಗ' ಓದಿ ಕನ್ನಡಕ್ಕೆ ತಿರುಗಿದರು. ಒಂದು ಕಾದಂಬರಿ ಒಬ್ಬ ಮನುಷ್ಯನನ್ನು ಹಾಗೆ ತಿರುಗಿಸುತ್ತದೆ, ಅದೇ ಕಾದಂಬರಿ ಇನ್ನೊಬ್ಬನಿಗೆ ಆಕಳಿಕೆ ತರಿಸುತ್ತದೆ. ಆಕಳಿಸಿದವನದು ತಪ್ಪೇನಿಲ್ಲ. ಹೇಳಿದವನದೂ ಇಲ್ಲ. ನಕ್ಕ ಹುಡುಗಿಯ ಮೇಲೂ ಸಿಟ್ಟು ಇಟ್ಟುಕೊಳ್ಳಬೇಡ ಪುಟ್ಟವ್ವ, ಅವಳ ಮಾತನ್ನು ನಾನೇ ಮೊದಲು ಆಡಿದ್ದೇನೆ. ಅವಳಿಗೆ ಇನ್ನೂ ಓದಲು ಟೈಮ್ ಇದೆ.

ಹೆದರಿಕೆ ಹೋಗುತ್ತದೆ ಅಂತ ಹೇಳಲಾರೆ. ನನಗೆ ಅರವತ್ತೆಂಟು, ಇನ್ನೂ ಹೋಗಿಲ್ಲ. ಮೊನ್ನೆ ಗವಿಮಠದ ಜಾತ್ರೆಯಲ್ಲಿ ಒಬ್ಬ ಹುಡುಗ ಯಾವುದು ಚಲೋ ಅಂತ ಕೇಳಿದ. ಪುರುಷೋತ್ತಮನ ಹೆಸರು ನಾಲಿಗೆ ತುದಿಗೆ ಬಂದು ವಾಪಸ್ ಹೋಯಿತು.

ಗುರೆಳ್ಳು ಪುಡಿ ಬಸ್ಸಿನವರ ಕೈಯಲ್ಲಿ ಕಳಿಸಿದ್ದೇನೆ, ಡಬ್ಬಿ ವಾಪಸ್ ಬೇಕು. ಎಡಗಣ್ಣಿನ ಪೊರೆ ತೆಗೆಸಿಯಾಯಿತು, ಸಣ್ಣ ಅಕ್ಷರವೂ ಕಾಣುತ್ತದೆ. ಮುಂದಿನ ಪತ್ರದಲ್ಲಿ ನನಗೊಂದು ಪುಸ್ತಕ ಹೇಳು. ನಿನಗೆ ಇಷ್ಟವಾದದ್ದು, ದೊಡ್ಡಪ್ಪನಿಗೆ ಒಪ್ಪುತ್ತದೋ ಇಲ್ಲವೋ ಅಂತ ಯೋಚಿಸಬೇಡ. ಸಿನಿಮಾ ಆಗಿದ್ದರೂ ಓದುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ