ಕಾಲೇಜು ಸೇರುವ ಓಟಗಾರರ ಬಗ್ಗೆ

ಗೆಳೆಯರೇ, ಹೈಸ್ಕೂಲಲ್ಲಿ ಮಿಂಚಿದ ಮಕ್ಕಳು ಅಮೆರಿಕದ ಕಾಲೇಜು ತಂಡ ಸೇರಿದ ಮೇಲೆ ಯಾಕೆ ನಿಂತಲ್ಲೇ ನಿಲ್ಲುತ್ತಾರೆ ಅಂತ ಇಲ್ಲಿ ಕೇಳಿದ್ದಿರಿ. ಪ್ರತಿಭೆ ಬತ್ತಿಹೋಯ್ತು ಅನ್ನೋದನ್ನು ನಾನು ಒಪ್ಪುವುದಿಲ್ಲ.

ಹೈಸ್ಕೂಲಿನ ಕ್ರಾಸ್ ಕಂಟ್ರಿ, ಅಂದರೆ ಬಯಲು-ದಿಬ್ಬಗಳ ಮೇಲಿನ ಓಟ, ಸಾಮಾನ್ಯವಾಗಿ 5 ಕಿ.ಮೀ. ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಅತ್ಯುನ್ನತ ಹಂತದ (ಡಿವಿಷನ್ 1) ಚಾಂಪಿಯನ್‌ಶಿಪ್‌ನಲ್ಲಿ ಹುಡುಗರಿಗೆ 10 ಕಿ.ಮೀ. ಅದು ಮುಗಿದರೆ ಒಳಾಂಗಣ ಟ್ರ್ಯಾಕ್, ಆಮೇಲೆ ಹೊರಾಂಗಣ, ಮೈಗೆ ಬಿಡುವೇ ಇಲ್ಲ.

ಆದರೆ ಜಾಸ್ತಿ ಏಟು ಬೀಳುವುದು ಆರಾಮಾಗಿ ಓಡಬೇಕಾದ ದಿನ. ಸೀನಿಯರ್‌ಗಳು ಹರಟೆ ಹೊಡೆಯುತ್ತಾ ಓಡುತ್ತಿರುತ್ತಾರೆ, ಹೊಸಬ ಅವರ ಬೆನ್ನು ಬಿಡಬಾರದು ಅಂತ ಹಲ್ಲು ಕಚ್ಚಿ ಓಡುತ್ತಾನೆ, ಒಂದು ಮಾತಿಗೆ ಉತ್ತರ ಕೊಡುವಷ್ಟೂ ಉಸಿರಿರುವುದಿಲ್ಲ. ಅವನಿಗೆ ದಿನಾ ರೇಸೇ, ಅಲ್ವಾ? ಮೇಲಿಂದ ರಾತ್ರಿ ಓದು, ಅರೆಬರೆ ನಿದ್ದೆ, ಸಾಕಾಗದಷ್ಟು ಊಟ.

ಊಟ ಕಮ್ಮಿಯಾಗಿ ಹುಡುಗಿಯರಿಗೆ ಮುಟ್ಟು ನಿಂತರೆ ದಯವಿಟ್ಟು ಸುಮ್ನೆ ಬಿಡಬೇಡಿ. ಹಾಗೇ ಬಿಟ್ಟರೆ ಮೂಳೆಯೂ ದುರ್ಬಲವಾಗುತ್ತದೆ, ಅದರಲ್ಲಿ ಬಿರುಕು ಬರುವ ಮೊದಲೇ ಡಾಕ್ಟರಿಗೆ ತೋರಿಸಿ. ಸುಸ್ತು ಹೋಗದಿದ್ದರೆ ಫೆರಿಟಿನ್ ಪರೀಕ್ಷೆಯನ್ನೂ (ಮೈಯಲ್ಲಿ ಕಬ್ಬಿಣಾಂಶದ ಸಂಗ್ರಹ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಕೇಳಿ.

ಮಕ್ಕಳನ್ನು ಸೇರಿಸುವ ಮುಂಚೆ ಕೋಚ್ ಹತ್ತಿರ ನೇರವಾಗಿ ಕೇಳಿ: ಮೊದಲ ವರ್ಷ ವಾರದ ಓಟ ಎಷ್ಟು ಏರಿಸುತ್ತೀರಿ? ಮಗು ದಣಿದಾಗ ‘ಸಾಕು, ನಿಲ್ಲಿಸು’ ಅನ್ನುವವರು ಯಾರು?